ಪರದೇಶದ ಶಾಲಾಮಕ್ಕಳಿಗೆ ಉಡುಗೊರೆ: ಮೊದಲು ಅಲ್ಲಿನ ಮೇಷ್ಟರನ್ನು ಕೇಳಿ

ಮಾನ್ಯರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ನಗರದ ಪ್ರವಾಸ ಸಂಸ್ಥೆಗಳು ಗ್ರಾಹಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನುಗಳ ಪಟ್ಟಿ ಕಳುಹಿಸಲು ಆರಂಭಿಸುತ್ತವೆ. ಈ ಸಲ ಕೆನ್ಯಾ ಪ್ರವಾಸಕ್ಕೆ ಹೊರಟಿರುವ ನಮ್ಮ ಬಡಾವಣೆಯ ಕುಟುಂಬವೊಂದು ನನಗೆ ತೋರಿಸಿದ ಅಂಥ ಪಟ್ಟಿಯಲ್ಲಿ ಸ್ವೆಟರು, ಟೋಪಿ, ಮಾತ್ರೆ, ಪಾಸ್‌ಪೋರ್ಟಿನ ನಕಲುಗಳ ಜೊತೆಗೆ ‘ಹಳ್ಳಿ ಶಾಲೆಯ ಮಕ್ಕಳಿಗೆ ಹಂಚಲು ಪೆನ್ನು, ಚಾಕೊಲೇಟು’ ಎಂಬ ಸಾಲೂ ಇತ್ತು. ಆ ಮನೆಯವರು ಅವೆನ್ಯೂ ರಸ್ತೆಗೆ ಹೋಗಿ ಸಗಟು ದರದಲ್ಲಿ ಪೆನ್ನಿನ ಪೆಟ್ಟಿಗೆಗಳನ್ನು ತಂದಿಟ್ಟುಕೊಂಡು, ಸಾಕಾಗುತ್ತವೆಯೇ ಎಂದು ನನ್ನನ್ನು ಕೇಳಿದರು. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದ ನಾನು ಇಂಥ ಉಡುಗೊರೆಗಳನ್ನು ಪಡೆಯುವ ಕಡೆಯಲ್ಲಿ ಬಹಳ ವರ್ಷ ನಿಂತವಳು. ಆದ್ದರಿಂದ ಅವರಿಗೆ ಹೇಳಿದ್ದನ್ನೇ ತಮ್ಮ ಪತ್ರಿಕೆಯ ಮೂಲಕ ಇನ್ನಷ್ಟು ಜನರಿಗೆ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅನ್ಯದೇಶದ ಶಾಲಾಮಕ್ಕಳ ಕೈಗೆ ಪ್ರವಾಸಿಗರು ನೇರವಾಗಿ ಏನನ್ನೂ ಕೊಡಬಾರದು. ಕೊಡಲೇಬೇಕೆಂಬ ಮನಸ್ಸಿದ್ದರೆ ಮೊದಲು ಅಲ್ಲಿನ ಶಿಕ್ಷಕರನ್ನು ಕೇಳಿ, ಅವರು ಹೇಳಿದ್ದನ್ನು ಆ ಊರಿನಲ್ಲೇ ಕೊಂಡು, ಅವರ ಕೈಗೇ ಒಪ್ಪಿಸಿ ಬರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಮಾತು ಕೆಲವರಿಗೆ ಕಟುವೆನಿಸಬಹುದು. ಮಕ್ಕಳಿರುವ ಮನೆಗೆ, ವಯಸ್ಸಾದವರಿರುವ ಮನೆಗೆ, ಬಸುರಿ ಹೆಣ್ಣುಮಗಳನ್ನು ನೋಡುವುದಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ; ಆ ಸಂಸ್ಕಾರ ವಿಮಾನ ಹತ್ತಿದ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ, ಹೋಗಲೂಬಾರದು. ಆದರೆ ಆ ಪದ್ಧತಿ ನಡೆಯುವ ರೀತಿಯನ್ನು ಸ್ವಲ್ಪ ಗಮನಿಸಬೇಕು. ನಾವು ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದಾಗ ಮಗು ತಕ್ಷಣ ಕೈ ಚಾಚುವುದಿಲ್ಲ, ತಾಯಿಯ ಮುಖ ನೋಡುತ್ತದೆ. ತಾಯಿ ‘ತಗೋ ಪುಟ್ಟಾ, ಅತ್ತೆ ಕೊಡ್ತಿದ್ದಾರಲ್ಲ’ ಎಂದ ಮೇಲೆಯೇ ಅದು ಮುಂದೆ ಬರುತ್ತದೆ. ಹೊರಡುವಾಗ ಆ ಮನೆಯವರು ನಮ್ಮ ಕೈಗೂ ಹಣ್ಣೋ ತಾಂಬೂಲವೋ ಏನಾದರೊಂದನ್ನು ಇಟ್ಟು ಕಳುಹಿಸುತ್ತಾರೆ. ಕೊಡುವವರು ಯಾರೆಂದು ಮನೆಗೆ ಗೊತ್ತಿರುತ್ತದೆ, ಕೊಟ್ಟದ್ದಕ್ಕೆ ಹಿರಿಯರ ಒಪ್ಪಿಗೆಯಿರುತ್ತದೆ, ಪಡೆದವರಿಗೆ ಮರಳಿ ಕೊಡುವ ಅವಕಾಶವೂ ಇರುತ್ತದೆ. ಸಫಾರಿ ಜೀಪಿನಿಂದ ಇಳಿದು, ಹೆಸರೂ ಭಾಷೆಯೂ ತಿಳಿಯದ ಮಕ್ಕಳ ಗುಂಪಿಗೆ ಚಾಕೊಲೇಟು ಹಂಚಿ, ಫೋಟೊ ತೆಗೆದುಕೊಂಡು ಮತ್ತೆ ಜೀಪು ಹತ್ತುವುದರಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ನಮ್ಮ ಮನೆಯ ಮಕ್ಕಳಿಗಾದರೆ ಗುರುತಿಲ್ಲದವರು ಮಿಠಾಯಿ ಕೊಟ್ಟರೆ ಮುಟ್ಟಬೇಡ, ಓಡಿ ಬಾ ಎಂದು ಅಂಗನವಾಡಿಯಿಂದಲೇ ಕಲಿಸುತ್ತೇವೆ. ಇಲ್ಲಿನ ಖಾಸಗಿ ಶಾಲೆಯೊಂದರ ಆವರಣಕ್ಕೆ ಹೊರದೇಶದ ಪ್ರವಾಸಿಗರು ಪಾಠದ ವೇಳೆಯಲ್ಲಿ ಬಂದು ನಮ್ಮ ಮಕ್ಕಳ ಕೈಗೆ ತಿಂಡಿ ಕೊಟ್ಟು ಚಿತ್ರ ತೆಗೆದರೆ, ಸಂಜೆಯೊಳಗೆ ಪೋಷಕರೆಲ್ಲ ಗೇಟಿನ ಮುಂದೆ ಸೇರಿರುತ್ತಾರೆ. ನಮ್ಮ ಮಕ್ಕಳಿಗೆ ಸಲ್ಲದ ನಡವಳಿಕೆ ಕೆನ್ಯಾದ ಮಸಾಯಿ ಮಾರಾ ವನ್ಯಧಾಮದ ಪಕ್ಕದ ಹಳ್ಳಿಯ ಮಕ್ಕಳಿಗೆ ಸಲ್ಲುತ್ತದೆಂದು ಭಾವಿಸುವುದಕ್ಕೆ ಅವರ ಬಡತನದ ಹೊರತು ಬೇರೆ ಕಾರಣ ನನಗೆ ಕಾಣುವುದಿಲ್ಲ, ಮತ್ತು ಅದು ನ್ಯಾಯವಾದ ಕಾರಣವಲ್ಲ.

ಇದನ್ನು ನಾನು ಊಹೆಯಿಂದ ಬರೆಯುತ್ತಿಲ್ಲ. ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಕಂಪನಿಗಳವರು ಬಂದು ಬ್ಯಾಗು, ಜಾಮಿಟ್ರಿ ಬಾಕ್ಸು ಹಂಚುವುದು ಈಗ ಹೊಸ ಸಂಗತಿಯಲ್ಲ. ನಾನಿದ್ದ ಶಾಲೆಯೊಂದಕ್ಕೆ ಒಂದು ಶನಿವಾರ ಹಾಗೆ ಬಂದವರು ನಿಜಕ್ಕೂ ಒಳ್ಳೆಯ ಹುಡುಗ ಹುಡುಗಿಯರು; ತಮ್ಮ ರಜೆಯ ದಿನವನ್ನು ಬಿಟ್ಟು ಬಂದಿದ್ದರು. ಬೆಳಿಗ್ಗೆ ಬರಬೇಕಾದ ಅವರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿ ಕಾಯಬೇಕಾಯಿತು. ಒಬ್ಬೊಬ್ಬರನ್ನೇ ಕರೆದು ಬ್ಯಾಗು ಕೊಟ್ಟರು. ಫೋಟೊ ಸರಿಯಾಗಿ ಬಾರದ ಹುಡುಗಿಯೊಬ್ಬಳಿಂದ ಬ್ಯಾಗನ್ನು ಹಿಂದಕ್ಕೆ ಪಡೆದು, ಅವಳನ್ನು ಮತ್ತೊಮ್ಮೆ ನಡೆಸಿಕೊಂಡು ಬಂದು ಕೊಡಿಸಿದರು. ತಂದ ಬ್ಯಾಗುಗಳು ಹಾಜರಾತಿಗಿಂತ ಕಡಿಮೆಯಿದ್ದವು. ಜ್ವರದಿಂದ ಆ ದಿನ ಬಾರದಿದ್ದ ಹುಡುಗ ಸೋಮವಾರ ಆಫೀಸ್ ರೂಮಿನ ಬಾಗಿಲಲ್ಲಿ ಏನೂ ಕೇಳದೆ ನಿಂತಿದ್ದ. ಅವನಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ನಾಲ್ಕನೇ ತರಗತಿಯ ಭಾಗಾಕಾರದ ಪಾಠವಂತೂ ಅಂದು ನಡೆಯಲೇ ಇಲ್ಲ.

ಇವೆಲ್ಲ ಆಡಳಿತದ ಕೊರತೆಗಳು, ತಿದ್ದಿಕೊಳ್ಳಬಹುದು ಎನ್ನಬಹುದು. ತಿದ್ದಲಾಗದ್ದು ಇನ್ನೊಂದಿತ್ತು. ಅದೇ ವಾರ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುವ ತಾಯಿಯೊಬ್ಬರು ಮಗನ ಕೈ ಹಿಡಿದುಕೊಂಡು ಬಂದರು. ‘ಮಿಸ್, ಚೀಟಿ ದುಡ್ಡು ಬಂದಾಗ ಇವನಿಗೆ ಅಂತಾನೇ ಹೊಸ ಬ್ಯಾಗು ತೆಗೆದುಕೊಟ್ಟಿದ್ದೆ. ಈಗ ಅದನ್ನ ಹಾಕ್ಕೊಳಲ್ಲ ಅಂತಾನೆ, ಕಂಪನಿಯೋರು ಕೊಟ್ಟಿದ್ದೇ ಬೇಕಂತೆ’ ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವಮಾನವಿತ್ತು. ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ತಾಯಿ ಕೊಂಡ ವಸ್ತುವನ್ನು, ಅರ್ಧ ದಿನ ಬಂದು ಹೋದ ಅಪರಿಚಿತರ ವಸ್ತು ಮಗುವಿನ ಕಣ್ಣಲ್ಲಿ ಸಣ್ಣದು ಮಾಡಿತ್ತು. ಕೊಟ್ಟವರಿಗೆ ಇದು ತಿಳಿಯಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ, ಏಕೆಂದರೆ ಅವರು ಆ ತಾಯಿಯನ್ನು ನೋಡಿಯೇ ಇರಲಿಲ್ಲ. ಅದೇ ಊರಿನಲ್ಲಿ, ಅದೇ ಭಾಷೆಯಾಡುವ ಜನರ ನಡುವೆಯೇ ಹೀಗಾಗುವುದಾದರೆ, ಸಾವಿರಾರು ಕಿಲೋಮೀಟರು ದೂರದ ಊರಿನಲ್ಲಿ ಒಂದು ಗಂಟೆ ನಿಂತು ಹೋಗುವವರ ಉಡುಗೊರೆ ಯಾವ ಮನೆಯಲ್ಲಿ ಏನು ಮಾಡುತ್ತದೆಂದು ತಿಳಿಯುವುದಾದರೂ ಹೇಗೆ?

ಪ್ರವಾಸಿಗರು ಹೆಚ್ಚಾಗಿ ಹೋಗುವ ದೇಶಗಳಲ್ಲಿ ಇದರ ಪರಿಣಾಮ ಈಗಾಗಲೇ ಕಾಣಿಸಿಕೊಂಡಿದೆ. ನೇಪಾಳದಲ್ಲಿ ಅನ್ನಪೂರ್ಣ ಪರ್ವತಗಳ ಸುತ್ತ ಹೋಗುವ ಚಾರಣದ ದಾರಿಯ ಹಳ್ಳಿಗಳಲ್ಲಿ, ಶ್ರೀಲಂಕಾದ ಪ್ರವಾಸಿ ತಾಣಗಳಲ್ಲಿ, ಮಕ್ಕಳು ಹೊರಗಿನವರನ್ನು ಕಂಡೊಡನೆ ‘ಪೆನ್, ಪೆನ್’, ‘ಸ್ಕೂಲ್ ಪೆನ್’ ಎಂದು ಹಿಂದೆ ಬರುವುದು ಬಹುಕಾಲದಿಂದ ಇದೆ. ಅದೇ ದಾರಿಯಲ್ಲಿರುವ ಮುಕ್ತಿನಾಥಕ್ಕೆ ಹೋಗಿ ಬಂದ ಕನ್ನಡಿಗರಲ್ಲಿ ಹಲವರು ಇದನ್ನು ಕಂಡಿರುತ್ತಾರೆ. ಆ ಮಕ್ಕಳಿಗೆ ಈ ಅಭ್ಯಾಸ ಕಲಿಸಿದವರು ಅವರ ತಂದೆತಾಯಿಯರಲ್ಲ, ದಾರಿಯಲ್ಲಿ ಹಾದುಹೋದ ಪ್ರವಾಸಿಗರು. ಕಾಂಬೋಡಿಯಾದ ಅಂಕೋರ್ ದೇವಾಲಯಗಳ ಉಸ್ತುವಾರಿ ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರ 2015ರಲ್ಲಿ ಹೊರಡಿಸಿದ ಸಂದರ್ಶಕರ ನೀತಿಸಂಹಿತೆಯಲ್ಲಿ, ಮೈಮುಚ್ಚುವ ಉಡುಪು ಧರಿಸಿ, ಶಿಲ್ಪಗಳನ್ನು ಮುಟ್ಟಬೇಡಿ ಎಂಬ ಸೂಚನೆಗಳ ಜೊತೆಗೇ, ಮಕ್ಕಳಿಂದ ವಸ್ತುಗಳನ್ನು ಕೊಳ್ಳಬೇಡಿ, ಅವರಿಗೆ ಮಿಠಾಯಿ ಅಥವಾ ಹಣ ಕೊಡಬೇಡಿ, ಅದು ಅವರನ್ನು ಶಾಲೆ ತಪ್ಪಿಸಿ ಬೇಡುವುದಕ್ಕೆ ಹಚ್ಚುತ್ತದೆ ಎಂದೂ ಸ್ಪಷ್ಟವಾಗಿ ಹೇಳಿದೆ. ಅದೇ ದೇಶದಲ್ಲಿ ಪ್ರವಾಸಿಗರ ಭೇಟಿಗೆಂದು ತೆರೆದಿಟ್ಟ ಅನಾಥಾಲಯಗಳು ಹೆಚ್ಚಿ, ಅಲ್ಲಿದ್ದ ಮಕ್ಕಳಲ್ಲಿ ಬಹುಪಾಲು ಜನರಿಗೆ ತಂದೆ ಅಥವಾ ತಾಯಿ ಬದುಕಿರುವುದು ಬೆಳಕಿಗೆ ಬಂದ ಮೇಲೆ, ಮಕ್ಕಳು ಪ್ರವಾಸಿ ತಾಣಗಳಲ್ಲ ಎಂಬ ಆಂದೋಲನವೇ ನಡೆಯಿತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕುರಿತು ಕಾನೂನು ತಂದಾಗ ಇಂಥ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದೂ ಚರ್ಚೆಯ ಮುಖ್ಯ ವಿಷಯವಾಗಿತ್ತು. ಪೆನ್ನಿಗೂ ಇದಕ್ಕೂ ಬಹಳ ಅಂತರವಿದೆ, ಒಪ್ಪುತ್ತೇನೆ. ಆದರೆ ಮಕ್ಕಳ ಮುಖ ತೋರಿಸಿದರೆ ಪ್ರವಾಸಿಗರ ಕೈ ಸಡಿಲವಾಗುತ್ತದೆ ಎಂಬ ಒಂದೇ ತಿಳಿವಳಿಕೆಯ ಮೇಲೆ ಎರಡೂ ನಿಂತಿವೆ.

ಇನ್ನು ವಸ್ತುಗಳ ಉಪಯೋಗದ ಮಾತು. ಶಾಲೆಯ ಒಳಗೆ ಕೆಲಸ ಮಾಡಿದವರಿಗೆ ಮಾತ್ರ ತಿಳಿಯುವ ಕೆಲವು ಸಣ್ಣ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಕೆಳಗಿನ ತರಗತಿಗಳಲ್ಲಿ ನಾವು ಪೆನ್ಸಿಲಿನಲ್ಲೇ ಬರೆಸುತ್ತೇವೆ, ಬಾಲ್ ಪೆನ್ನು ಅಲ್ಲಿ ಕೆಲಸಕ್ಕೆ ಬಾರದು. ಬೇರೆ ದೇಶದಿಂದ ಬಂದ ಪೆನ್ನಿನ ರೀಫಿಲ್ ಆ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಶಾಯಿ ಮುಗಿದ ದಿನವೇ ಅದು ಕಸ. ನೋಟ್‌ಪುಸ್ತಕಗಳಲ್ಲಿ ಎರಡು ಗೆರೆ, ನಾಲ್ಕು ಗೆರೆ, ಚೌಕಳಿ ಎಂದು ಬಗೆಗಳಿವೆ. ಇಂಗ್ಲಿಷ್ ಕಾಪಿಗೆಂದು ಮಾಡಿದ ನಾಲ್ಕು ಗೆರೆಯ ಪುಸ್ತಕದಲ್ಲಿ ಕನ್ನಡದ ಒತ್ತಕ್ಷರ ಬರೆಯಲು ಹೊರಟ ಮಗು ಎಷ್ಟು ಒದ್ದಾಡುತ್ತದೆಂದು ಒಂದನೇ ತರಗತಿಗೆ ಪಾಠ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾಂಬೋಡಿಯಾದ ಖ್ಮೇರ್ ಲಿಪಿಯಲ್ಲೂ ಅಕ್ಷರದ ಕೆಳಗೆ ಅಕ್ಷರ, ಮೇಲೆ ಸ್ವರಚಿಹ್ನೆ ಬರುತ್ತದೆ. ಅಲ್ಲಿನ ಮಗುವಿಗೆ ಯಾವ ಗೆರೆಯ ಪುಸ್ತಕ ಬೇಕೆಂಬುದು ಅಲ್ಲಿನ ಮೇಷ್ಟರಿಗೆ ಗೊತ್ತು, ನಮ್ಮ ಅವೆನ್ಯೂ ರಸ್ತೆಯ ಅಂಗಡಿಯವರಿಗೆ ಗೊತ್ತಿಲ್ಲ. ಫುಟ್‌ಬಾಲನ್ನು ಕೊಟ್ಟು ಪಂಪನ್ನೂ ಸೂಜಿಯನ್ನೂ ಕೊಡದಿದ್ದರೆ, ಕೆಲವು ವಾರಗಳಲ್ಲಿ ಗಾಳಿ ಹೋಗಿ ಅದು ಆಫೀಸ್ ರೂಮಿನ ಬೀರುವಿನ ಮೇಲೆ ಕೂರುತ್ತದೆ. ಹಲ್ಲಿನ ವೈದ್ಯರನ್ನು ಕಾಣಲು ಅರ್ಧ ದಿನದ ಪ್ರಯಾಣ ಬೇಕಾಗುವ ಬೆಟ್ಟದ ಹಳ್ಳಿಯಲ್ಲಿ ಪ್ರತಿ ತಂಡವೂ ಚಾಕೊಲೇಟು ಹಂಚುತ್ತ ಹೋದರೆ ಆ ಮಕ್ಕಳ ಹಲ್ಲುಗಳ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ವಿಷಯ ಆಫ್ರಿಕಾಕ್ಕೆ ಹೋಗುವವರಿಗೆ ನೇರವಾಗಿ ಸಂಬಂಧಿಸಿದ್ದು: ಕೆನ್ಯಾ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು, ಉಲ್ಲಂಘನೆಗೆ ಭಾರಿ ದಂಡವಿದೆ, ತಾಂಜಾನಿಯಾ 2019ರ ಜೂನ್‌ನಿಂದ ಇಂಥದೇ ನಿಷೇಧ ಜಾರಿಗೆ ತಂದು, ಪ್ರವಾಸಿಗರು ಅಂಥ ಚೀಲಗಳನ್ನು ವಿಮಾನ ನಿಲ್ದಾಣದಲ್ಲೇ ಒಪ್ಪಿಸುವಂತೆ ಮಾಡಿದೆ. ಉಡುಗೊರೆಗಳನ್ನು ಕವರುಗಳಲ್ಲಿ ತುಂಬಿಕೊಂಡು ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ಪುಸ್ತಕವಾದರೂ ಒಳ್ಳೆಯ ಉಡುಗೊರೆಯಲ್ಲವೇ ಎಂದು ಕೇಳುವವರಿದ್ದಾರೆ. ಪುಸ್ತಕವನ್ನು ಬೇಡವೆನ್ನಲು ಶಿಕ್ಷಕಿಯಾದ ನನಗೆ ಮನಸ್ಸು ಬರುವುದಿಲ್ಲ. ಆದರೂ ಪಶ್ಚಿಮ ಕೆನ್ಯಾದ ಗ್ರಾಮೀಣ ಶಾಲೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆನಪಾಗಬೇಕು. ಅದನ್ನು ನಡೆಸಿದವರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್ ಅವರು 2019ರಲ್ಲಿ ನಮ್ಮ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಉಚಿತವಾಗಿ ಒದಗಿಸಿ ನೋಡಿದಾಗ, ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳ ಅಂಕಗಳು ಮಾತ್ರ ಏರಿದವು. ಉಳಿದವರ ಸರಾಸರಿ ಅಲುಗಾಡಲಿಲ್ಲ. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಆ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಇಂಗ್ಲಿಷು ಮನೆಮಾತು ಮತ್ತು ಸ್ವಾಹಿಲಿಯ ನಂತರದ ಮೂರನೆಯ ಭಾಷೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಗ್ರಂಥಾಲಯದಲ್ಲಿ ದಾನಿಗಳು ಕೊಟ್ಟ, ಯಾರೂ ತೆರೆಯದ, ಹೊಳೆಯುವ ಇಂಗ್ಲಿಷ್ ಪುಸ್ತಕಗಳ ಸಾಲನ್ನು ಕಂಡವರಿಗೆ ಈ ಫಲಿತಾಂಶ ಆಶ್ಚರ್ಯ ತರುವುದಿಲ್ಲ. ಅದೇ ಕ್ರೆಮರ್ ಅವರು ಎಡ್ವರ್ಡ್ ಮಿಗೆಲ್ ಅವರೊಡನೆ 2004ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲುಭಾಗದಷ್ಟು ಇಳಿದಿತ್ತು. ಅತಿ ಅಗ್ಗದ ಆ ಮಾತ್ರೆಯನ್ನು ಉಡುಗೊರೆಯ ಕಾಗದದಲ್ಲಿ ಸುತ್ತಿ ಕೊಡಲು ಬರುವುದಿಲ್ಲ, ಫೋಟೊದಲ್ಲೂ ಅದು ಚೆನ್ನಾಗಿ ಕಾಣುವುದಿಲ್ಲ. ಪ್ರವಾಸಿಗರು ಅದನ್ನು ಹಂಚಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ, ಅದು ಆರೋಗ್ಯ ಇಲಾಖೆಗಳ ಕೆಲಸ. ಶಾಲೆಯಲ್ಲಿ ನಿಜವಾಗಿ ಕೊರತೆಯಿರುವುದು ಯಾವುದೆಂದು ಹೊರಗಿನಿಂದ ನೋಡಿದವರಿಗೆ ಎಷ್ಟು ಕಡಿಮೆ ತಿಳಿಯುತ್ತದೆ ಎಂಬುದಕ್ಕೆ ಮಾತ್ರ ಇದನ್ನು ಹೇಳಿದೆ.

ಹಾಗೆಂದು ಯಾವ ಸಂದರ್ಭದಲ್ಲೂ ಏನೂ ಬೇಡವೆಂದರೆ ಅದೂ ತಪ್ಪಾಗುತ್ತದೆ. ಶ್ರೀಲಂಕಾ ಸರ್ಕಾರ ತನ್ನ ಶಾಲೆಗಳಲ್ಲಿ ದಶಕಗಳಿಂದ ಉಚಿತ ಶಿಕ್ಷಣವನ್ನೂ ಉಚಿತ ಪಠ್ಯಪುಸ್ತಕಗಳನ್ನೂ ಕೊಡುತ್ತ ಬಂದಿದೆ. ಆದರೆ 2022ರ ಆರ್ಥಿಕ ಕುಸಿತದಲ್ಲಿ ಕಾಗದ ಕೊಳ್ಳಲು ಡಾಲರ್ ಇಲ್ಲದೆ ಮಾರ್ಚ್‌ನಲ್ಲಿ ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳನ್ನೇ ಮುಂದೂಡಬೇಕಾಯಿತು. ಅಂಥ ವರ್ಷದಲ್ಲಿ ಶಾಲೆಗೆ ಒಂದು ಬಂಡಲು ಬಿಳಿ ಹಾಳೆ ಕೊಂಡೊಯ್ದವರು ನಿಜವಾದ ಉಪಕಾರ ಮಾಡಿದಂತೆ. ಭೂತಾನಿನ ಸ್ಥಿತಿ ಇನ್ನೊಂದು ಬಗೆಯದು. ಅಲ್ಲಿ ಭಾರತೀಯ ಪ್ರವಾಸಿಗರು 2022ರ ಸೆಪ್ಟೆಂಬರ್‌ನಿಂದ ದಿನವೊಂದರ ರಾತ್ರಿವಾಸಕ್ಕೆ 1,200 ರೂಪಾಯಿಯ ಅಭಿವೃದ್ಧಿ ಶುಲ್ಕ ತೆರುತ್ತಾರೆ. ಆ ಹಣ ಸರ್ಕಾರದ ಬೊಕ್ಕಸ ಸೇರಿ ಆ ದೇಶದ ಉಚಿತ ಶಿಕ್ಷಣ, ಆರೋಗ್ಯಗಳಿಗೂ ಒದಗುತ್ತದೆ. ಅಲ್ಲಿಗೆ ಹೋಗುವವರು ಮಕ್ಕಳಿಗೆಂದು ಪ್ರತ್ಯೇಕವಾಗಿ ಏನನ್ನೂ ಹೊರಬೇಕಾಗಿಲ್ಲ.

ಕೇಳಿ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ನಮ್ಮ ಶಾಲೆಗೆ ಒಮ್ಮೆ ಬಂದ ಹಿರಿಯರೊಬ್ಬರು ಕೈಯಲ್ಲಿ ಏನನ್ನೂ ತಂದಿರಲಿಲ್ಲ. ‘ಮೇಡಂ, ನಿಮಗೆ ದಿನಾ ತೊಂದರೆ ಕೊಡ್ತಿರೋದು ಯಾವುದು?’ ಎಂದು ಕೇಳಿದರು. ಬ್ಯಾಗಿನ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಶೌಚಾಲಯದ ನೀರಿನ ಮೋಟಾರು ಕೆಟ್ಟಿದೆ, ಏಳನೇ ತರಗತಿಯ ಹೆಣ್ಣುಮಕ್ಕಳು ಮಧ್ಯಾಹ್ನವೇ ಮನೆಗೆ ಹೋಗಿಬಿಡುತ್ತಾರೆ ಎಂದೆ. ಅವರು ಶಾಲಾಭಿವೃದ್ಧಿ ಸಮಿತಿಯವರನ್ನು ಕಂಡು, ಸಮಿತಿಯ ಮೂಲಕವೇ ಮೋಟಾರು, ಪೈಪು ಎಲ್ಲವನ್ನೂ ಹಾಕಿಸಿದರು. ಸಮಾರಂಭ ನಡೆಯಲಿಲ್ಲ, ಒಂದು ಪೀರಿಯಡ್ಡೂ ತಪ್ಪಲಿಲ್ಲ, ಮಕ್ಕಳಿಗೆ ಅವರ ಹೆಸರು ಸಹ ತಿಳಿಯದು. ಹುಡುಗಿಯರು ಸಂಜೆಯವರೆಗೆ ತರಗತಿಯಲ್ಲಿ ಕುಳಿತರು.

ಹೊರದೇಶದಲ್ಲೂ ಹೀಗೆ ಕೇಳುವುದು ಕಷ್ಟವಲ್ಲ. ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ‘ಪ್ಯಾಕ್ ಫಾರ್ ಎ ಪರ್ಪಸ್’ ಎಂಬ ಸಂಸ್ಥೆ, ಪ್ರವಾಸಿಗರು ತಂಗುವ ಹೋಟೆಲು, ಲಾಡ್ಜುಗಳು ತಮ್ಮ ನೆರೆಯ ಶಾಲೆ, ಆಸ್ಪತ್ರೆಗಳನ್ನು ಕೇಳಿ ಬೇಕಾದ ವಸ್ತುಗಳ ಪಟ್ಟಿ ಕೊಡುವ ಏರ್ಪಾಡು ಮಾಡಿತು. ಪ್ರವಾಸಿಗರು ತಂದದ್ದನ್ನು ಲಾಡ್ಜಿನವರಿಗೇ ಒಪ್ಪಿಸುತ್ತಾರೆ, ಮಕ್ಕಳ ಕೈಗೆ ಕೊಡುವುದಿಲ್ಲ. ಈ ಕ್ರಮದಲ್ಲಿ ನನಗೆ ಮೆಚ್ಚುಗೆಯಾದದ್ದು ಕೊಡುವವರಿಗೂ ಮಗುವಿಗೂ ನಡುವೆ ಆ ಊರಿನವರೇ ನಿಲ್ಲುವುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಸ್ತುಗಳನ್ನು ಆ ಊರಿನ ಪೇಟೆಯಲ್ಲೇ ಕೊಳ್ಳುವುದು ಮೇಲು. ನೇಪಾಳದ ಪೋಖರಾದಲ್ಲಿ, ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ, ಕೆನ್ಯಾದ ನೈರೋಬಿಯಲ್ಲಿ ಪೆನ್ಸಿಲು, ನೋಟ್‌ಪುಸ್ತಕ ಮಾರುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿ ಕೊಂಡರೆ ಶಾಲೆಗೆ ಸರಿಯಾದ ಗೆರೆಯ ಪುಸ್ತಕ ಸಿಗುತ್ತದೆ, ಆ ಅಂಗಡಿಯವನ ಮನೆಯ ಮಕ್ಕಳ ಶಾಲೆಯ ಖರ್ಚಿಗೂ ನಾಲ್ಕು ಕಾಸು ಆಗುತ್ತದೆ, ನಮ್ಮ ಸೂಟ್‌ಕೇಸಿನ ತೂಕವೂ ಉಳಿಯುತ್ತದೆ.

ಮಗುವಿನ ಮುಖದಲ್ಲಿ ಅರಳುವ ನಗುವಿಗೆ ಇಷ್ಟೆಲ್ಲ ಲೆಕ್ಕಾಚಾರ ಬೇಕೇ ಎಂದು ಆ ಕೆನ್ಯಾ ಪ್ರವಾಸದ ಮನೆಯ ಯಜಮಾನರು ನನ್ನನ್ನು ಕೇಳಿದರು. ಅವರ ಪ್ರಶ್ನೆಯಲ್ಲಿ ಕಪಟವಿರಲಿಲ್ಲ, ಆದ್ದರಿಂದ ಉತ್ತರವನ್ನೂ ನೇರವಾಗಿಯೇ ಕೊಟ್ಟೆ. ಮಕ್ಕಳು ನಗುವುದಕ್ಕೆ ಉಡುಗೊರೆಯೇ ಬೇಕೆಂದಿಲ್ಲ. ಅವರ ಮನೆಯ ಹುಡುಗಿ ನೆಲದ ಮೇಲೆ ಗೆರೆ ಎಳೆದು ಕುಂಟೆಬಿಲ್ಲೆ ತೋರಿಸಿಕೊಟ್ಟರೆ, ಅಲ್ಲಿನ ಮಕ್ಕಳು ತಮ್ಮ ಆಟವೊಂದನ್ನು ಅವಳಿಗೆ ಕಲಿಸುತ್ತಾರೆ. ಮರಳಿ ಕೊಡಲು ಅವರ ಬಳಿಯೂ ಏನಾದರೂ ಇರುತ್ತದೆ. ಪರಿಚಯಸ್ಥರ ಮನೆಯಲ್ಲೋ ಹೋಂಸ್ಟೇಯಲ್ಲೋ ಉಳಿದು, ಅವರ ಮನೆಯ ಊಟ ಉಂಡವರು ಆ ಮನೆಯ ಮಕ್ಕಳಿಗೆ ಮೈಸೂರು ಪಾಕಿನ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟು ಬಂದರೆ ಅದಕ್ಕೆ ಯಾರ ಆಕ್ಷೇಪವೂ ಇರಲಾರದು.

ಕೊನೆಯದಾಗಿ ನಗರದ ಪ್ರವಾಸ ಸಂಸ್ಥೆಗಳಲ್ಲಿ ಒಂದು ವಿನಂತಿ. ತಮ್ಮ ಪಟ್ಟಿಯಿಂದ ಪೆನ್ನು, ಚಾಕೊಲೇಟಿನ ಸಾಲನ್ನು ದಯವಿಟ್ಟು ಅಳಿಸಿ, ಕೊಡಬಯಸುವವರಿಗಾಗಿ ಆ ಭಾಗದ ಒಂದು ಶಾಲೆಯ ಮುಖ್ಯೋಪಾಧ್ಯಾಯರನ್ನು ತಮ್ಮ ಸ್ಥಳೀಯ ಗೈಡುಗಳ ಮೂಲಕ ಮೊದಲೇ ಸಂಪರ್ಕಿಸಿ, ಈ ವರ್ಷ ಅವರಿಗೆ ಬೇಕಾಗಿರುವ ಒಂದೆರಡು ವಸ್ತುಗಳನ್ನು ಮಾತ್ರ ತಿಳಿಸಲಿ. ಏನೂ ಬೇಡವೆಂದು ಅವರು ಹೇಳಿದರೆ ಹಾಗೆಯೇ ತಿಳಿಸಲಿ. ಕಾರ್ಯಕ್ರಮದ ವೇಳಾಪಟ್ಟಿಯಲ್ಲಿ ‘ಹಳ್ಳಿ ಶಾಲೆಗೆ ಭೇಟಿ’ ಎಂದು ಬೆಳಿಗ್ಗೆ ಹತ್ತೂವರೆಗೆ ಸೇರಿಸುವ ಪದ್ಧತಿಯನ್ನಂತೂ ಕೂಡಲೇ ಕೈಬಿಡಲಿ. ಅದು ಪಾಠ ನಡೆಯುವ ಹೊತ್ತು.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ
ತ್ಯಾಗರಾಜನಗರ, ಬೆಂಗಳೂರು